ಐದೂರಿಗೆ 'ಸಪೋಜ್' ತಂದಾಂವ ನಾನ

ಕೆಲವರ ಹಿತ್ತಲಲ್ಲಿ ಬೇವಿನ ಗಿಡ ತಾನಾಗಿಯೇ ಹುಟ್ಟುತ್ತದೆ. ನನ್ನ ಸುತ್ತಮುತ್ತ ಇಂಥ ಪ್ರಸಂಗಗಳು ಹಾಗೆ ಹುಟ್ಟುತ್ತವೆ. ನಾನು ನೀರು ಹಾಕಿದವನಲ್ಲ, ಗೊಬ್ಬರ ಹಾಕಿದವನಲ್ಲ. ಬರೀ ನೆರಳಿಗೆ ಕುಂತವನು.

ನಿಪ್ಪಾಣಿಗೆ ತಂಬಾಕು ಯಾರು ತಂದರೋ ನನಗೆ ಗೊತ್ತಿಲ್ಲ. ಅಥಣಿಗೆ ಚಪ್ಪಲಿ ಹೊಲಿಯುವ ಕಲೆ ಯಾರು ತಂದರೋ ಅದೂ ಗೊತ್ತಿಲ್ಲ. ಆದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಈ ಐದೂರಿನ ಮಂದಿಯ ಬಾಯಿಗೆ 'ಸಪೋಜ್' ಎಂಬ ಇಂಗ್ಲಿಷ್ ಶಬ್ದ ತಂದು ಹಾಕಿದವನು ಮಾತ್ರ ನಾನೇ. ಬೇರೆ ಯಾರಾದರೂ 'ನಾ ತಂದೆ' ಅಂದರೆ ನಂಬಬೇಡಿ. ಅವರು ನನ್ನ ಹತ್ತಿರವೇ ಕಡ ಒಯ್ದವರು. ಇಂಗ್ಲಿಷ್ ಓದಿದವರನ್ನು ಕೇಳಿದರೆ ಅದಕ್ಕೆ 'ಹಾಗಂತ ತಿಳಿದುಕೊಳ್ಳಿ' ಅನ್ನುವುದೊಂದೇ ಅರ್ಥ ಹೇಳುತ್ತಾರೆ. ಪಾಪ, ಅವರಿಗೆ ಗೊತ್ತಿರುವುದೇ ಅಷ್ಟು. ನಮ್ಮ ಕಡೆಗೆ ಬಂದ ಮೇಲೆ ಆ ಶಬ್ದ ಬಾವಿಯಿಂದ ನೀರು ಎತ್ತಿದೆ, ನಮ್ಮ ನಿಚ್ಚಣಿಕೆಯನ್ನು ಪಕ್ಕದ ಮನೆಗೆ ಸಾಗಿಸಿದೆ, ಕಡೆಗೆ ನಮ್ಮಣ್ಣನ ಮಗಳ ಲಗ್ನದ ಭಾರವನ್ನೂ ತಲೆಯ ಮೇಲೆ ಹೊತ್ತಿದೆ. ಆ ಹುಡುಗಿ ಮೆಚ್ಚಿದವನ ಕೈ ಹಿಡಿಯುತ್ತಾಳೋ ಇಲ್ಲವೋ ಅನ್ನುವುದು ಇದೊಂದು ಶಬ್ದದ ಮೇಲೆ ನಿಂತಿತ್ತು ಅಂದರೆ ಮುಂದಿನದನ್ನು ನೀವು ಕುಂತೇ ಕೇಳಬೇಕು.

೧. ಕೂಸು ಯಾರ ಗಾಡ್ಯಾಗೈತಿ?

ಇಂಗ್ಲಿಷ್ ಶಬ್ದ ಬರುವ ಮೊದಲೇ ನಮ್ಮ ಮನೆತನದಲ್ಲಿ ಆ ರೋಗ ಇತ್ತು. ಆಗ ಅದರ ಹೆಸರು 'ತಿಳ್ಕೊಂಡಿದ್ದೆ'.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮಣ್ಣ ಅಕ್ಕೋಳದಲ್ಲಿ ಒಕ್ಕಲುತನ ಮಾಡಿಕೊಂಡಿದ್ದ. ಅಕ್ಕನನ್ನು ಮಂಗಸೂಳಿಗೆ ಕೊಟ್ಟಿತ್ತು. ಅಕ್ಕನ ಗಂಡ, ಅಂದರೆ ನನಗೆ ಮಾಂವ, ಅಣ್ಣನಷ್ಟೇ ಎತ್ತರ, ಅಣ್ಣನಷ್ಟೇ ಮೀಸೆ, ಅಣ್ಣನಷ್ಟೇ ಹಠ. ಇಬ್ಬರೂ ಒಂದೇ ಎಲೆಯಲ್ಲಿ ಉಣ್ಣುವಷ್ಟು ಪ್ರೀತಿ. ಅಣ್ಣನ ಮಗಳು ಅಕ್ಕನ ದೊಡ್ಡ ಮಗನಿಗೇ ಅಂತ, ಆ ಹುಡುಗ ಹುಡುಗಿ ಮಣ್ಣಲ್ಲಿ ಆಡುತ್ತಿದ್ದಾಗಲೇ ಮಾತಾಗಿತ್ತು.

ಅಕ್ಕ ಸಣ್ಣ ಕೂಸಿನ ಜೊತೆ ತವರಿಗೆ ಬಂದಿದ್ದಳು. ಆ ಕೂಸಿನ ಜಾವಳ, ಮೊದಲ ಕೂದಲು ತೆಗೆಸುವ ಕಾರ್ಯ, ಮಂಗಸೂಳಿ ಮಲ್ಲಯ್ಯನ ಗುಡಿಯಲ್ಲಿ ಮಾಡುವುದಿತ್ತು. ಕೂಸನ್ನು ಸೋದರಮಾವನ ತೊಡೆಯ ಮೇಲೆ ಕೂಡಿಸಿ ಕೂದಲು ತೆಗೆಯಬೇಕು. ಆ ಮಾನ ಹಿರಿಯನಾದ ಅಣ್ಣನದು. ನಸುಕಿನಲ್ಲಿ ಅಕ್ಕೋಳದಿಂದ ಎರಡು ಗಾಡಿ ಬಿಟ್ಟವು. ಮುಂದೆ ಅಣ್ಣನ ಟ್ರ್ಯಾಕ್ಟರ್, ಹಿಂದೆ ಕರೆಯಲು ಬಂದಿದ್ದ ಮಾಂವನ ಟೆಂಪೊ. ಚಳಿ. ಎಲ್ಲರೂ ಕೌದಿ ಹೊದ್ದುಕೊಂಡು ಗಂಟಿನಂತೆ ಕುಂತಿದ್ದೆವು. ನಾನು ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಕುಂತು ದಾರಿಯುದ್ದಕ್ಕೂ ವ್ಯವಸ್ಥೆ ನೋಡಿಕೊಳ್ಳುತ್ತಿದ್ದೆ.

ಮಂಗಸೂಳಿ ಮುಟ್ಟಿದೆವು. ಕ್ಷೌರದವನು ಕತ್ತಿ ಮಸೆದು ಕುಂತ. ಪೂಜಾರಿ ಭಂಡಾರದ, ಅಂದರೆ ದೇವರ ಅರಿಷಿಣದ, ತಾಟು ಹಿಡಿದು ನಿಂತ. ಅಣ್ಣ ಚಕ್ಕಂಬಕ್ಕಳ ಹಾಕಿ, ತೊಡೆ ತಟ್ಟಿಕೊಂಡು, "ತರ್ರಿ ಕೂಸಿನ್ನ" ಅಂದ.

ಮಾಂವ, "ನೀವ ತರ್ರಿ. ಕೂಸು ನಿಮ್ಮ ಟ್ರ್ಯಾಕ್ಟರದಾಗ ಐತಲ್ಲ?" ಅಂದ.

"ನಮ್ಮ ಟ್ರ್ಯಾಕ್ಟರದಾಗ ಎಲ್ಲೈತಿ? ನಿಮ್ಮ ಟೆಂಪೊದಾಗ ಐತಿ ಅಂತ ತಿಳ್ಕೊಂಡಿದ್ದೆ."

"ನಿಮ್ಮ ತೊಡಿ ಮ್ಯಾಲೆ ಕೌದ್ಯಾಗ ಸುತ್ತಿದ್ದು ಮತ್ತೇನು?"

"ಅದು ಕುಂಬಳಕಾಯಿ!"

ಎಲ್ಲರೂ ಅಕ್ಕನ ಕಡೆ ನೋಡಿದರು. ಅಕ್ಕ, "ನಾ ಅಣ್ಣನ ಕಡೆ ಐತಿ ಅಂತ ತಿಳ್ಕೊಂಡಿದ್ದೆ" ಅಂತ ಅಳಲು ಶುರು ಮಾಡಿದಳು. ಅಳುವ ಕಾರಣವಿರಲಿಲ್ಲ. ಕೂಸು ಅಕ್ಕೋಳದ ಮನೆಯಲ್ಲಿ ತೊಟ್ಟಿಲಲ್ಲಿ ಸುಖವಾಗಿ ನಿದ್ದೆ ಮಾಡಿ, ಎದ್ದು, ನಮ್ಮ ಅವ್ವನ ಕೈಯಿಂದ ಹಾಲು ಕುಡಿದಿತ್ತು. ಅವ್ವ, ಜಾವಳಕ್ಕೆ ಹೋಗಬೇಕಾದ ಆ ಕೂದಲಿಗೆ ಎಣ್ಣೆ ಹಚ್ಚಿ, ನೀಟಾಗಿ ಬಾಚಿ ಕೂಡಿಸಿದ್ದಳು. ಕೂಸನ್ನು ಬಿಟ್ಟು ಯಾಕೆ ಹೋದರು ಅಂತ ನೆರೆಮನೆಯವರು ಕೇಳಿದ್ದಕ್ಕೆ, "ಮುಂದ ಹೋಗಿ ಜಾಗಾ ಹಿಡ್ಯಾಕ ಹೋಗ್ಯಾರ ಅಂತ ತಿಳ್ಕೊಂಡಿದ್ದೆ" ಅಂದಳು.

ಗುಡಿಯಂಗಳದಲ್ಲಿ ಮಾತಿಗೆ ಮಾತು ಬೆಳೆಯಿತು. ಕೂಸು ಮರೆಯುವ ಸೋದರಮಾವ ಅಂತ ಇವನು, ಹೆತ್ತ ಮಗನನ್ನು ಮರೆಯುವ ಅಪ್ಪ ಅಂತ ಅವನು. ಕಡೆಗೆ ಇಬ್ಬರೂ ಪೂಜಾರಿಯ ತಾಟಿನ ಭಂಡಾರದಲ್ಲಿ ಕೈಯಿಟ್ಟು ಆಣೆ ಮಾಡಿದರು: "ಇನ್ನ ಮ್ಯಾಲೆ ಈ ಮನಶ್ಯಾನ ಜೋಡಿ ಮಾತಾಡಿದರ ಮಲ್ಲಯ್ಯ ನನ್ನ ಕೇಳಲಿ!" ಭಂಡಾರ ಮುಟ್ಟಿ ಮಾಡಿದ ಆಣೆ ನಮ್ಮ ಕಡೆ ಕೋರ್ಟಿನ ಹುಕುಂಗಿಂತ ಗಟ್ಟಿ. ಅಪೀಲು ಇಲ್ಲ.

ಇಷ್ಟೆಲ್ಲ ಆದ ಮೇಲೆ ಕ್ಷೌರದವನು ಎದ್ದು ನಿಂತು, "ಏನರ ಮಾಡ್ಕೋರಿ, ದೇವರ ಮುಂದ ಮಸದ ಕತ್ತಿ ಖಾಲಿ ಹೋಗಬಾರದು. ಯಾರದರ ಒಂದು ತಲಿ ಕೊಡ್ರಿ" ಅಂದ. ಎಲ್ಲರೂ ನನ್ನ ಕಡೆ ನೋಡಿದರು. ಮಲ್ಲಯ್ಯನಿಗೆ ಕೂದಲು ಮುಟ್ಟಿತು. ಯಾರ ಕೂದಲು ಅಂತ ದೇವರು ಕೇಳಲಿಲ್ಲ. ಮನೆಗೆ ಹೋದ ಮೇಲೆ ನನ್ನ ಹೆಂಡತಿ ಕೇಳಿದಳು.

೨. ರಾಯಬಾಗದ ಬಾವಿ

ನಾನು ಚಿಕ್ಕೋಡಿಯ ಒಂದು ಪಂಪ್‌ಸೆಟ್ ಅಂಗಡಿಯಲ್ಲಿ ಮೋಟರು ಕೂಡಿಸುವ, ಕೆಟ್ಟರೆ ರಿಪೇರಿ ಮಾಡುವ ಕೆಲಸದಲ್ಲಿದ್ದೆ. ಕೃಷ್ಣೆಯಿಂದ ದೂಧಗಂಗೆಯವರೆಗೆ ನಾನು ಇಳಿಯದ ಬಾವಿ ಇಲ್ಲ. ಕೆಲವು ಬಾವಿಗೆ ಇಳಿದೆ, ಕೆಲವಕ್ಕೆ ಬಿದ್ದೆ. ಲೆಕ್ಕದಲ್ಲಿ ಎರಡೂ ಒಂದೇ.

ಒಮ್ಮೆ ಅಂಗಡಿಯ ಸಾವಕಾರರು ನನ್ನನ್ನು ಕೊಲ್ಲಾಪುರಕ್ಕೆ ತರಬೇತಿಗೆ ಕಳಿಸಿದರು. ಅಲ್ಲಿ ಟೈ ಕಟ್ಟಿದ ಒಬ್ಬ ಸಾಹೇಬ ಮರಾಠಿಯಲ್ಲಿ ಪಾಠ ಮಾಡುತ್ತಿದ್ದ. ಪ್ರತಿ ಮಾತಿಗೂ ಮೊದಲು 'ಸಪೋಜ್'. ಸಪೋಜ್ ಇದು ಬಾವಿ. ಸಪೋಜ್ ಇದು ಪೈಪು. ಸಪೋಜ್ ಕರೆಂಟು ಹೋಯಿತು. ಬೋರ್ಡಿನ ಮೇಲೆ ಖಡುವಿನಿಂದ ಗೆರೆ ಎಳೆಯುವುದು, ಸಪೋಜ್ ಅನ್ನುವುದು. ತರಬೇತಿ ಮುಗಿಯುವವರೆಗೆ ನಮಗೆ ಒಂದು ಖರೇ ಬಾವಿ ಕಾಣಲಿಲ್ಲ. ಆದರೂ ಎಲ್ಲರೂ ಪಾಸಾದೆವು. ಬರುವಾಗ ಬಸ್ಸಿನಲ್ಲಿ ಯೋಚಿಸಿದೆ, ಇದೇನು ಶಬ್ದ ಇದು! ಬಾವಿ ತೋಡದೆ ಬಾವಿ, ಮೋಟರು ಇಲ್ಲದೆ ಮೋಟರು. ಇಂಥ ಹತ್ಯಾರು ನನ್ನ ಪೆಟ್ಟಿಗೆಯಲ್ಲಿ ಇರಲೇಬೇಕು.

ಮೊದಲ ಪ್ರಯೋಗ ರಾಯಬಾಗದ ಹತ್ತಿರದ ಒಂದು ತೋಟದಲ್ಲಿ. ಕಬ್ಬು ಬಾಯಿ ಬಿಡುತ್ತಿತ್ತು, ಮೋಟರು ಬರೀ ಗುಂಯ್ ಅನ್ನುತ್ತಿತ್ತು, ನೀರು ಮೇಲೆ ಬರುತ್ತಿರಲಿಲ್ಲ. ನಾನು ಬಾವಿಯ ದಂಡೆಗೆ ನಿಂತು, ಕೊಲ್ಲಾಪುರದ ಸಾಹೇಬನ ಹಾಗೆ ಒಂದು ಕೈ ಸೊಂಟದ ಮೇಲಿಟ್ಟು, "ಗೌಡ್ರ, ಸಪೋಜ್ ನಿಮ್ಮ ಬಾವ್ಯಾಗ ನೀರಿಲ್ಲ" ಅಂತ ಶುರು ಮಾಡಿದೆ.

ಅಷ್ಟೇ. ಗೌಡರು ಸೆಟೆದು ನಿಂತರು. "ಏನಂದಿ? ಸಪೋಜ್ ಅಂದ್ರೇನು?"

"ಹಂಗ ಅಂತ ತಿಳ್ಕೋಳ್ಳೋದ್ರಿ."

"ನನ್ನ ಬಾವ್ಯಾಗ ನೀರಿಲ್ಲ ಅಂತ ತಿಳ್ಕೋಳ್ಳಾಕ ನೀ ಯಾವೂರಾಂವ ಲೇ? ನಮ್ಮಪ್ಪ ತೋಡಿಸಿದ ಬಾವಿ ಇದು!"

ಗದ್ದಲ ಕೇಳಿ ಗೌಡರ ತಾಯಿ ಬಂದಳು. ಮಗ ಹೇಳಿದ್ದನ್ನು ಕೇಳಿ ಎದೆ ಮುಟ್ಟಿಕೊಂಡಳು. "ಅಯ್ಯ ನನ್ನಪ್ಪ, ಎಂಥಾ ಮಾತು ಆಡಿದಿ! ನಾವು ಆಡಿದ್ದಕ್ಕ ದೇವತೆಗೋಳು ಮ್ಯಾಲಿಂದ ಹೂಂ ಅಂತಿರ್ತಾವ. ಆಡಿದ್ದು ಆಡಿದಂಗ ಆಗಿಬಿಡತೈತಿ. ಈಗ ಅದನ್ನ ತಿರುವಿ ಅನ್ನು."

"ಹ್ಯಾಂಗ ಅನ್ನಲೆವ್ವಾ?"

"ಸಪೋಜ್ ತುಂಬ ನೀರೈತಿ ಅನ್ನು. ಬಾವಿಗಿ ಕೇಳೂವಂಗ ಅನ್ನು."

ನಾನು ಬಾವಿಯೊಳಗೆ ಬಗ್ಗಿ, "ಸಪೋಜ್ ತುಂಬ ನೀರೈತಿ!" ಅಂತ ಕೂಗಿದೆ. ಬಾವಿಯೂ ಒಳಗಿನಿಂದ "ಐತಿ" ಅಂತ ಹೇಳಿತು. ಮುದುಕಿ ಕೈ ಮುಗಿದಳು. ನಾನು ಕೆಳಗಿಳಿದು ನೋಡಿದರೆ ಪೈಪಿನ ಜೋಡಣೆ ಸಡಿಲಾಗಿ ಗಾಳಿ ಎಳೆಯುತ್ತಿತ್ತು. ಪಾನಾ ಹಾಕಿ ನಟ್ಟು ಬಿಗಿ ಮಾಡಿ, ನೀರು ತುಂಬಿ, ಬಟನ್ ಒತ್ತಿಸಿದೆ. ಆನೆ ಸೊಂಡಿಲಿನಿಂದ ಬಿಟ್ಟ ಹಾಗೆ ನೀರು ಬಂತು.

ನನ್ನ ಪಾನಾಕ್ಕೆ ಯಾರೂ ಮರ್ಯಾದೆ ಕೊಡಲಿಲ್ಲ. ಎಲ್ಲ ಕೀರ್ತಿ ಬಾಯಿಗೆ ಹೋಯಿತು. ಅದಾದ ಮೇಲೆ ರಾಯಬಾಗದ ಕಡೆಯಿಂದ ಅಂಗಡಿಗೆ ಕರೆ ಬಂದರೆ ಸಾವಕಾರರು ಒಳಗೆ ಕೂಗುತ್ತಿದ್ದರು: "ಹೋಗಿ ಬಾರಪಾ, ಪಾನಾ ಇಲ್ಲದಿದ್ದರೂ ನಡೀತೈತಂತ, ಬಾಯಿ ಮರೀಬ್ಯಾಡ ಅಂದಾರ!"

೩. ನಿಚ್ಚಣಿಕೆ

ಶಬ್ದ ಚಿಕ್ಕೋಡಿಯ ನಮ್ಮ ಗಲ್ಲಿಗೂ ಹಬ್ಬಿತು. ಅಲ್ಲಿ ಅದಕ್ಕೆ ಇನ್ನೊಂದು ಉಪಯೋಗ ಹತ್ತಿತು. ಏನಾದರೂ ಬೇಕಾದರೆ ನೇರವಾಗಿ ಕೇಳುವುದು ನಮ್ಮವರಿಗೆ ನಾಚಿಕೆ. ಸಪೋಜ್ ಹಚ್ಚಿ ಕೇಳಿದರೆ ಕೇಳಿದ ಹಾಗೂ ಆಗುತ್ತದೆ, ಕೇಳದ ಹಾಗೂ ಆಗುತ್ತದೆ.

ಪಕ್ಕದ ಮನೆಯಾಕೆ ಒಂದು ದಿನ ಬಂದು ನನ್ನ ಹೆಂಡತಿಗೆ, "ವೈನಿ, ಸಪೋಜ್ ನಿಮ್ಮನ್ಯಾಗ ಒಂದು ನಿಚ್ಚಣಿಕಿ ಐತಿ ಅಂತ ತಿಳ್ಕೋರಿ" ಅಂದಳು.

"ತಿಳ್ಕೋಳ್ಳೋದೇನೈತಿ, ಐತಲ್ಲ."

"ಸಪೋಜ್ ನಮಗ ಮಾಳಿಗಿ ಏರೂದೈತಿ ಅಂತ ತಿಳ್ಕೋರಿ."

ನನ್ನ ಹೆಂಡತಿ ತಿಳಿದುಕೊಳ್ಳುತ್ತಿರುವಾಗಲೇ ಆಕೆಯ ಗಂಡ ನಿಚ್ಚಣಿಕೆ ಹೆಗಲ ಮೇಲೆ ಹೊತ್ತು ಅರ್ಧ ಗಲ್ಲಿ ದಾಟಿದ್ದ.

ಮಳೆಗಾಲ ಬಂತು. ಹಂಚು ಸರಿಮಾಡಬೇಕು, ನಿಚ್ಚಣಿಕೆಯ ಸುದ್ದಿ ಇಲ್ಲ. ನನ್ನ ಹೆಂಡತಿ ಅವರ ಬಾಗಿಲಿಗೆ ಹೋಗಿ, ಅವರ ಮಾತಿನಲ್ಲೇ ಕೇಳಿದಳು: "ಸಪೋಜ್ ನಮಗ ನಿಚ್ಚಣಿಕಿ ಬೇಕಾತು ಅಂತ ತಿಳ್ಕೋರಿ."

ಪಕ್ಕದ ಮನೆಯಾಕೆ ತುಂಬು ಮನಸ್ಸಿನಿಂದ ಅಂದಳು: "ಅದರಾಗ ನಾಚಿಕಿ ಏನ್ ಬಂತ್ರಿ ವೈನಿ? ನಮ್ಮ ನಿಮ್ಮ ಅಂತ ಬ್ಯಾರೆ ಐತೇನು? ಯಾವಾಗ ಬೇಕಾದ್ರೂ ಬರ್ರಿ, ನಮ್ಮ ಮಾಳಿಗಿ ಏರ್‍ರಿ!"

೪. ಅಥಣಿಯಿಂದ ಬಂದ ಚಪ್ಪಲಿ

ಹೀಗೆ ಶಬ್ದ ಊರೂರು ತಿರುಗುತ್ತ ತೊಂಬತ್ತರ ದಶಕ ಬಂತು. ಅಣ್ಣ ಮತ್ತು ಮಾಂವ ಇನ್ನೂ ಮಾತಾಡಿರಲಿಲ್ಲ. ನೆಂಟರ ಲಗ್ನಗಳಲ್ಲಿ ಒಬ್ಬ ಮೊದಲ ಪಂಕ್ತಿಗೆ ಕುಂತರೆ ಇನ್ನೊಬ್ಬ ಎರಡನೆಯದಕ್ಕೆ ಕಾಯುತ್ತಿದ್ದ.

ಮಣ್ಣಲ್ಲಿ ಆಡುತ್ತಿದ್ದ ಮಕ್ಕಳು ಮಾತ್ರ ಅಪ್ಪಂದಿರ ಆಣೆ ನೋಡಿಕೊಂಡು ಬೆಳೆಯುವುದನ್ನು ನಿಲ್ಲಿಸಿರಲಿಲ್ಲ. ಅಣ್ಣನ ಮಗಳು ನಿಪ್ಪಾಣಿಯಲ್ಲಿ ಬಿ.ಎ. ಮುಗಿಸಿದ್ದಳು. ಅಕ್ಕನ ಮಗ ಅಥಣಿಯಲ್ಲಿ ಮಾಸ್ತರನಾಗಿದ್ದ. ಅದೇ ನೆಂಟರ ಲಗ್ನಗಳಲ್ಲಿ ಇವರಿಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿದ್ದರು. ಮಾತಾಡಬಾರದು ಅಂತ ಇವರ ಮೇಲೆ ಆಣೆ ಇರಲಿಲ್ಲ, ಆದರೂ ನಾಚಿ ಮಾತಾಡುತ್ತಿರಲಿಲ್ಲ. ಅಷ್ಟರಲ್ಲಿ ಗಡಹಿಂಗ್ಲಜ ಕಡೆಯಿಂದ ಹುಡುಗಿಗೆ ಒಂದು ಸಂಬಂಧ ಬಂತು. ದೀಪಾವಳಿಯೊಳಗೆ ಹೂಂ ಅನ್ನುತ್ತೇನೆ ಅಂತ ಅಣ್ಣ ಅಂದ.

ಹುಡುಗಿ ನನ್ನನ್ನು ಹಿತ್ತಲಿಗೆ ಕರೆದು, "ಕಾಕಾ, ಊರಿಗೆಲ್ಲಾ ಸಪೋಜ್ ಹಂಚೀದಿ. ನನಗೊಂದೀಟು ಉಳಿಸಿಯೋ ಇಲ್ಲೋ?" ಅಂದಳು. ಕಣ್ಣಲ್ಲಿ ನೀರಿತ್ತು, ಆದರೆ ಮಾತು ಚುಚ್ಚುವ ಹಾಗಿತ್ತು. ನಮ್ಮ ಮನೆತನದ ಹುಡುಗಿ.

ನಾನು ಮರುದಿನವೇ ಫಟಫಟಿ ಹತ್ತಿ ಅಥಣಿಗೆ ಹೋದೆ. "ಏನೋ ಮಾಸ್ತರ, ಸಪೋಜ್ ಅಕ್ಕೋಳದಾಗ ಒಂದು ಹುಡುಗಿ ಐತಿ ಅಂತ ತಿಳ್ಕೋ."

ಅವನು ಕಿವಿಯವರೆಗೂ ಕೆಂಪಾಗಿ, "ಮಾಮಾ, ನಾ ಅಷ್ಟ ತಿಳ್ಕೊಂಡು ಕುಂತು ಭಾಳ ವರ್ಷ ಆತು" ಅಂದ. ಒಳಗೆ ಹೋಗಿ ಒಂದು ಪೊಟ್ಟಣ ತಂದ. ಅಥಣಿ ಚಪ್ಪಲಿ, ಕೆಂಪು ಗೊಂಡೆ ಇದ್ದದ್ದು. ಹೋದ ಲಗ್ನದಲ್ಲಿ ಹಂದರದ ಹೊರಗೆ ಹುಡುಗಿ ಬಿಟ್ಟಿದ್ದ ಚಪ್ಪಲಿಯನ್ನು ಗೇಣಿನಿಂದ ಅಳತೆ ಮಾಡಿಕೊಂಡು ಬಂದು ಹೊಲಿಸಿದ್ದನಂತೆ. "ಆಕೀಗಿ ಕೊಡ್ರಿ, ನಾ ಕಾಯ್ತೀನಿ ಅಂತ ಹೇಳ್ರಿ" ಅಂದ.

ಚಿಕ್ಕೋಡಿಗೆ ಬಂದು ಪೊಟ್ಟಣವನ್ನು ಗೋಡೆಯ ಮಾಡದಲ್ಲಿಟ್ಟೆ. ಅಕ್ಕೋಳಕ್ಕೆ ಭಾನುವಾರ ಹೋಗುವುದಿತ್ತು. ಸ್ನಾನ ಮಾಡಿ ಹೊರಗೆ ಬಂದರೆ ಮನೆಯ ತುಂಬ 'ಕರ್‍ರ್ ಕರ್‍ರ್' ಅಂತ ಹೊಸ ಚಪ್ಪಲಿಯ ಸಪ್ಪಳ. ನನ್ನ ಹೆಂಡತಿ ಪಡಸಾಲೆಯಲ್ಲಿ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದಾಳೆ. "ಲಗ್ನ ಆದಾಗಿಂದ ಇವತ್ತ ಮೊದಲನೇ ಸಲ ಏನರ ತಂದ್ರಿ ನೋಡ್ರಿ. ಅಳತಿನೂ ಎಷ್ಟು ಬರೋಬ್ಬರಿ ತಂದೀರಿ!"

ಬರೋಬ್ಬರಿ ಆಗದೆ ಏನು? ಹಂದರದ ಹೊರಗೆ ಹುಡುಗಿಯದು ಅಂತ ಮಾಸ್ತರ ಗೇಣು ಹಾಕಿದ್ದು ನನ್ನ ಹೆಂಡತಿಯ ಚಪ್ಪಲಿಗೆ!

ಆ ಮುಖದ ಮೇಲಿನ ನಗೆ ನೋಡಿ ಖರೇ ಹೇಳುವ ಗಂಡಸು ಈ ಐದೂರಿನಲ್ಲಿ ಇದ್ದರೆ ತೋರಿಸಿ. ಮತ್ತೆ ಫಟಫಟಿ, ಮತ್ತೆ ಅಥಣಿ. ಮಾಸ್ತರ ಓಡಿ ಬಂದು, "ಮಾಮಾ, ಚಪ್ಪಲಿ ನೋಡಿ ಏನಂದ್ಲು?" ಅಂದ.

"ಭಾಳ ಖುಷಿ ಆಗ್ಯಾಳಪಾ."

"ಖರೇನ?"

"ಖರೇನ. ನಿಮ್ಮ ಮಾಮಿ."

ಈ ಸಲ ಹುಡುಗಿಯ ಚಪ್ಪಲಿಯನ್ನು ನಾನೇ ದಾರದಿಂದ ಅಳೆದು ತಂದು ಕೊಟ್ಟೆ, ಸಣ್ಣ ಅಳತೆಯ ಜೋಡು ತಯಾರಾಯಿತು, ಸೇರಬೇಕಾದ ಕಾಲಿಗೆ ಸೇರಿತು. ಮುಂದಿನ ಹಬ್ಬದಲ್ಲಿ ಅದನ್ನು ಕಂಡ ನನ್ನ ಹೆಂಡತಿ, "ನೋಡ್ರಿ, ನನ್ನ ನೋಡಿ ಆಕೀನೂ ಹಠಾ ಮಾಡಿ ತರಿಸ್ಯಾಳ" ಅಂದಳು. ಆಕೆಗೆ ನಾನು ಇಂದಿಗೂ ಹೇಳಿಲ್ಲ. ಸಪೋಜ್ ಆಕೆ ಇದನ್ನು ಓದಿದರೆ... ಓದುವುದಿಲ್ಲ ಅಂತ ತಿಳಿದುಕೊಂಡಿದ್ದೇನೆ.

೫. ಒಬ್ಬನ ಮುಖ ಗೋಡೆಗೆ, ಒಬ್ಬನದು ರಸ್ತೆಗೆ

ಹುಡುಗ ಹುಡುಗಿ ಒಪ್ಪಿದರೇನಾಯಿತು? ಹೆಣ್ಣು ಕೊಡುವ ಮಾತು ಹೆಣ್ಣಿನ ಅಪ್ಪನ ಬಾಯಿಂದ ಗಂಡಿನ ಅಪ್ಪನ ಕಿವಿಗೇ ಹೋಗಬೇಕು, ನಡುವೆ ಇನ್ನೊಬ್ಬರ ಬಾಯಿ ನಡೆಯುವುದಿಲ್ಲ ಅನ್ನುವುದು ನಮ್ಮ ರಿವಾಜು. ಆಣೆ ನೋಡಿದರೆ ಆ ಬಾಯಿ, ಆ ಕಿವಿ ಎರಡನ್ನೂ ಮುಚ್ಚಿಸಿತ್ತು. ದೀಪಾವಳಿ ಹತ್ತಿರ ಬರುತ್ತಿತ್ತು.

ಆಗ ನನ್ನ ತಲೆ ಓಡಿತು. ಮಲ್ಲಯ್ಯನಿಗೆ ಕನ್ನಡ ಬರುತ್ತದೆ, ಮರಾಠಿಯೂ ಬರುತ್ತದೆ. ಆಣೆಯನ್ನು ಸರಿಯಾಗಿಯೇ ಕೇಳಿಸಿಕೊಂಡಿದ್ದಾನೆ. ಆದರೆ ಆಣೆ ಮಾಡಿದ್ದು 'ಈ ಮನಶ್ಯಾನ ಜೋಡಿ' ಮಾತಾಡುವುದಿಲ್ಲ ಅಂತ. ಸಪೋಜ್ ಮನುಷ್ಯನ ಜೋಡಿ ಮಾತಾಡಬಾರದು ಅಂತ ಅದರಲ್ಲಿ ಎಲ್ಲಿದೆ? ಇಂಥ ವಿಚಾರ ಬೆಳಗಾವಿಯ ವಕೀಲರಿಗೂ ಹೊಳೆಯುತ್ತಿರಲಿಲ್ಲ.

ಇಬ್ಬರನ್ನೂ ಒಂದೇ ದಿನ ಚಿಕ್ಕೋಡಿಯ ನಮ್ಮ ಮನೆಗೆ ಊಟಕ್ಕೆ ಕರೆದೆ. ಅಣ್ಣ, "ಆಂವ ಬರತಾನೇನು?" ಅಂದ. "ಸಪೋಜ್ ಬರಂಗಿಲ್ಲ" ಅಂದೆ. ಮಾಂವ, "ಆಂವ ಬರತಾನೇನು?" ಅಂದ. ಅವನಿಗೂ ಅದನ್ನೇ ಅಂದೆ. ಸುಳ್ಳು ಹೇಳುವ ಚಟ ನನಗಿಲ್ಲ.

ಇಬ್ಬರೂ ಬಂದರು. ಒಬ್ಬರನ್ನೊಬ್ಬರು ಕಂಡು ಎದ್ದರು. ಗಂಡನ ಜೊತೆ ಬಂದಿದ್ದ ಅಕ್ಕ ಬಾಗಿಲಿಗೆ ಅಡ್ಡ ಕುಂತುಬಿಟ್ಟಳು. ಹೋಗಲು ದಾರಿಯಿಲ್ಲದೆ ಅಣ್ಣ ಗೋಡೆಗೆ ಮುಖ ಮಾಡಿ ಕುಂತ, ಮಾಂವ ಕಿಟಕಿಯಿಂದ ರಸ್ತೆ ನೋಡುತ್ತ ಕುಂತ. ನಾನು ನಡುವೆ ನಿಂತು ಶುರು ಮಾಡಿದೆ:

"ಸಪೋಜ್ ಒಂದೂರಾಗ ಒಬ್ಬ ಹುಡುಗಿ ಅಪ್ಪ. ಸಪೋಜ್ ಇನ್ನೊಂದೂರಾಗ ಒಬ್ಬ ಹುಡುಗನ ಅಪ್ಪ. ಆ ಸಪೋಜ್ ಮಂದಿ ಏನೇನು ಮಾತಾಡಿರಬೇಕು, ನೀವು ಹಿರ್‍ಯಾರು ಹೇಳ್ರಿ."

ಕಡೆಗೆ ಅಣ್ಣ ಗೋಡೆಗೆ ಹೇಳಿದ: "ಸಪೋಜ್ ಹುಡುಗನ ಅಪ್ಪ ಹಠಮಾರಿ ಇದ್ದರ, ಹುಡುಗಿ ಕೊಡೂದು ಹ್ಯಾಂಗ?"

ಮಾಂವ ರಸ್ತೆಗೆ ಹೇಳಿದ: "ಸಪೋಜ್ ಹುಡುಗಿ ಅಪ್ಪ ಕುಂಬಳಕಾಯಿನ್ನ ತೊಡಿ ಮ್ಯಾಲಿಟ್ಟು, ಕೂಸಿನ್ನ ಮನ್ಯಾಗ ಬಿಟ್ಟು ಬರೂವಂಥಾ ಮನಶ್ಯಾ ಇದ್ದರ, ತಗೊಳ್ಳೂದು ಹ್ಯಾಂಗ?"

"ಸಪೋಜ್ ಆ ಕೂಸು ಅವನ ಸ್ವಂತ ಮಗ ಇದ್ದರ?"

"ಸಪೋಜ್ ಸೋದರಮಾವನ ಮ್ಯಾಲೆ ಭರೋಸಾ ಇಟ್ಟಿದ್ದರ?"

ಗೋಡೆ, ರಸ್ತೆ ಎರಡಕ್ಕೂ ಬಿಸಿ ಹತ್ತಿತು. ಅಷ್ಟರಲ್ಲಿ ಒಳಗಿನಿಂದ ನನ್ನ ಹೆಂಡತಿ ಕರ್‍ರ್ ಕರ್‍ರ್ ಅಂತ ಬಂದು ಚಹಾ ಕೊಟ್ಟಳು. ಚಹಾ ಕುಡಿದ ಅಣ್ಣನ ದನಿ ಇಳಿಯಿತು. "ಸಪೋಜ್... ಆ ಹುಡುಗನ ಅಪ್ಪನ ಮನಿಗಿ, ತಾಯಿ ಇಲ್ಲದಂಗ ಬೆಳೆದ ಒಬ್ಬಾಕಿ ಮಗಳನ್ನ ಕೊಟ್ಟರ, ಚಲೋ ನೋಡ್ಕೋತಾನೇನು?"

ಅತ್ತಿಗೆ ತೀರಿಕೊಂಡದ್ದು ಆಣೆಯ ಮರುವರ್ಷ. ಆಗಲೂ ಮಾಂವ ಬಂದು, ಮಾತಾಡದೆ, ಮೂಲೆಯಲ್ಲಿ ಕುಂತು ಅತ್ತು ಹೋಗಿದ್ದ.

ಮಾಂವ ರಸ್ತೆಯ ಕಡೆಯೇ ನೋಡುತ್ತ, ಮೂಗು ಒರೆಸಿಕೊಂಡು, "ಸಪೋಜ್ ಆಂವ ಆ ಹುಡುಗಿ ಹಾದಿ ನೋಡಿಕೋತ ಹತ್ತು ಹನ್ನೆರಡು ವರ್ಷ ಕುಂತಾನ ಅಂತ ತಿಳ್ಕೋ ಅಂತ, ಆ ಮನಶ್ಯಾಗ ಯಾರರ ಹೇಳ್ರಿ" ಅಂದ.

ಆಮೇಲೆ ಮಾತು ಸಲೀಸಾಗಿ ಓಡಿತು. ಸಪೋಜ್ ಲಗ್ನ ಅಕ್ಕೋಳದಲ್ಲಿ. ಸಪೋಜ್ ಬಟ್ಟೆ ನಿಪ್ಪಾಣಿಯಲ್ಲಿ. ಸಪೋಜ್ ಬುಂದಿ ಬೇಡ, ಜಿಲೇಬಿ ಇರಲಿ. ಯಾರಾದರೂ ನಡುವೆ ಬಾಯಿ ಹಾಕುವ ಮೊದಲೇ ಅಕ್ಕ ಒಳಗೆ ಹೋಗಿ ಸಕ್ಕರೆ ಡಬ್ಬಿ ತಂದಳು. ನಮ್ಮಲ್ಲಿ ಎರಡೂ ಕಡೆಯ ಹಿರಿಯರ ಬಾಯಿಗೆ ಸಕ್ಕರೆ ಬಿದ್ದರೆ ಸಾಖರಪುಡಾ ಆದ ಹಾಗೆ. ಸಂಬಂಧ ಗಟ್ಟಿ, ತಿರುಗಿ ಹೋಗುವಂತಿಲ್ಲ. ಅಕ್ಕ ಒಂದು ಮುಷ್ಟಿ ಅಣ್ಣನ ಬಾಯಿಗೆ, ಒಂದು ಮುಷ್ಟಿ ಗಂಡನ ಬಾಯಿಗೆ ತುರುಕಿದಳು.

ಮಾಂವ ಬಾಯಿತುಂಬ ಸಕ್ಕರೆ ಇಟ್ಟುಕೊಂಡು ಗಾಬರಿಯಾಗಿ, "ಏ, ಇದು ಸಪೋಜ್ ಸಕ್ಕರೀನೋ ಖರೇ ಸಕ್ಕರೀನೋ?" ಅಂದ.

"ಮೊದಲ ನುಂಗ್ರಿ," ಅಂದಳು ಅಕ್ಕ, "ಆಮ್ಯಾಲೆ ಹೇಳ್ತೀನಿ."

೬. ಮತ್ತೆ ಎರಡು ಗಾಡಿ

ಸಕ್ಕರೆ ನುಂಗಿದರೂ ಆಣೆ ಹೋಗಲಿಲ್ಲ. ಲಗ್ನದ ತಯಾರಿಯೆಲ್ಲ ಸಪೋಜಿನಲ್ಲೇ ನಡೆಯಿತು. ಸಪೋಜ್ ಹಂದರ ಹಾಕಿದರು, ಸಪೋಜ್ ಅಕ್ಕಿ ಆರಿಸಿದರು. ನಾನು ನಡುವಿನ ತಾರಿನಂತೆ ಅಕ್ಕೋಳ ಮಂಗಸೂಳಿ ತಿರುಗಿ ತಿರುಗಿ ಸವೆದೆ.

ಲಗ್ನದ ದಿನ ಹೆಣ್ಣಿನ ಅಪ್ಪ ಗಾಡಿ ತೆಗೆದುಕೊಂಡು ಹೋಗಿ ವರನನ್ನು ಕರೆತರಬೇಕು. ಅಣ್ಣ ಹೂವಿನಿಂದ ಸಿಂಗರಿಸಿದ ಟೆಂಪೊ ತೆಗೆದುಕೊಂಡು ನಸುಕಿನಲ್ಲೇ ಮಂಗಸೂಳಿಗೆ ಹೋದ. ಗಂಡಿನ ಕಡೆಯವರ ಲಾರಿ ಬೇರೆ ಇತ್ತು. ನಾನು ಮುಹೂರ್ತದ ಕೆಲಸಕ್ಕೆ ಅಕ್ಕೋಳದಲ್ಲೇ ಉಳಿದೆ. ಅದೇ ತಪ್ಪಾಯಿತು, ತಾರು ಇಲ್ಲದೆ ಕರೆಂಟು ಹರಿಯುವುದು ಹೇಗೆ?

ಬೆಳಗಿನ ಬಿಸಿಲು ಏರುವ ಹೊತ್ತಿಗೆ ಬಾಜಾ ಬಜಂತ್ರಿಯ ಜೊತೆ ಲಾರಿಯೂ ಬಂತು, ಟೆಂಪೊವೂ ಬಂತು. ಹುಡುಗಿ ಕಿಟಕಿಯ ಹಿಂದೆ ನಿಂತಿದ್ದಳು. ಮುತ್ತೈದೆಯರು ಆರತಿ ಹಿಡಿದು ಟೆಂಪೊದ ಬಾಗಿಲಿಗೆ ಬಂದರು. ಬಾಗಿಲು ತೆರೆಯಿತು. ಒಳಗಿನಿಂದ ಅಣ್ಣ ಒಬ್ಬನೇ ಇಳಿದ. ಇಳಿದು, ಲಾರಿಯ ಕಡೆ ನೋಡಿದ. ಲಾರಿಯಿಂದ ಮಾಂವ ಇಳಿದು ಟೆಂಪೊದ ಕಡೆ ನೋಡಿದ.

ಬಾಜಾದವರು ನಿಲ್ಲಿಸಿದರು. ಆರತಿಯ ದೀಪ ಪಟಪಟ ಅಂದಿತು. ಇಬ್ಬರೂ ಒಬ್ಬರಿಗೊಬ್ಬರು ಎದುರಾಗಿ, ಮೀಸೆಗೆ ಮೀಸೆ ತಾಗುವಷ್ಟು ಹತ್ತಿರ ಬಂದು, ಒಂದೇ ಉಸಿರಿಗೆ ಕೂಗಿದರು:

"ನಿಮ್ಮ ಗಾಡ್ಯಾಗ ಅದಾನ ಅಂತ ತಿಳ್ಕೊಂಡಿದ್ದೆ!"

ಸಪೋಜ್ ಇಲ್ಲ, ಗೋಡೆಯಿಲ್ಲ, ರಸ್ತೆಯಿಲ್ಲ. ಹನ್ನೆರಡು ವರ್ಷದ ಮೇಲೆ ನೇರ ಮಾತು, ಅದೂ ಹಿಂದೆ ಎಲ್ಲಿ ಬಿಟ್ಟಿದ್ದರೋ ಅಲ್ಲಿಂದಲೇ!

ಮತ್ತೆ ಜಗಳ ಹತ್ತಿದರೆ ಲಗ್ನ ಮುರಿದ ಹಾಗೆ. ಕಿಟಕಿಯ ಹಿಂದೆ ಹುಡುಗಿಯ ಬಳೆಗಳು ಸದ್ದು ಮಾಡುವುದು ನಿಲ್ಲಿಸಿದವು. ಅಣ್ಣನ ಮೀಸೆ ನಡುಗತೊಡಗಿತು. ಸಿಟ್ಟು ಅಂತ ತಿಳಿದುಕೊಂಡೆ. ನಗು ಅದು! ಮಾಂವನ ಹೊಟ್ಟೆ ಕುಣಿಯಿತು. ಇಬ್ಬರೂ ಒಬ್ಬರ ಹೆಗಲ ಮೇಲೆ ಒಬ್ಬರು ಬಿದ್ದು, ನಕ್ಕು ನಕ್ಕು, ಕಣ್ಣೊರೆಸಿಕೊಂಡು, ಮತ್ತೆ ನಕ್ಕರು. ಅಣ್ಣ, "ಈ ಸಲ ನಾ ಕುಂಬಳಕಾಯಿನೂ ತಂದಿಲ್ಲೋ ಮಾರಾಯಾ!" ಅಂದ.

ಮದುಮಗ ಮಂಗಸೂಳಿಯ ಮನೆಯಲ್ಲಿ ಅರಿಷಿಣ ಹಚ್ಚಿಕೊಂಡು, ಬಾಸಿಂಗ ಕಟ್ಟಿಕೊಂಡು, ಕರೆಯಲು ಯಾರಾದರೂ ಒಳಗೆ ಬರುತ್ತಾರೆ ಅಂತ ತಿಳಿದುಕೊಂಡು ಕುಂತಿದ್ದ. ಎರಡೂ ಗಾಡಿ ಹೋದವು ಅಂತ ಗೊತ್ತಾದ ಕೂಡಲೇ ಓಡಿಬಂದು ಕೆಂಪು ಬಸ್ ಹತ್ತಿದನಂತೆ. ಸ್ವಲ್ಪ ಹೊತ್ತಿನಲ್ಲಿ ಆ ಬಸ್ಸು ತನ್ನ ಹಾದಿ ಬಿಟ್ಟು ಅಕ್ಕೋಳದ ಹಂದರದ ಮುಂದೆ ಬಂದು ನಿಂತಿತು. ಬಾಸಿಂಗ ಕಟ್ಟಿದ ಗಂಡನ್ನು ನಡುದಾರಿಯಲ್ಲಿ ಇಳಿಸಲು ಕಂಡಕ್ಟರನಿಗೆ ಮನಸ್ಸಾಗಲಿಲ್ಲವಂತೆ. ಪ್ಯಾಸೆಂಜರುಗಳೆಲ್ಲ ಇಳಿದು ಅಕ್ಷತೆ ಹಾಕಿ, ಜಿಲೇಬಿ ತಿಂದು ಹೋದರು. ಗಂಡಿನ ಕಡೆಯವರು ಅವರನ್ನು ಹೆಣ್ಣಿನ ಕಡೆಯವರು ಅಂತ ತಿಳಿದುಕೊಂಡರು, ಹೆಣ್ಣಿನ ಕಡೆಯವರು ಗಂಡಿನ ಕಡೆಯವರು ಅಂತ ತಿಳಿದುಕೊಂಡು ಇನ್ನೊಂದು ಬಾರಿ ಬಡಿಸಿದರು.

ಲಗ್ನ ಆಯಿತು. ಆದರೆ ಆಣೆ ಮುರಿದಿತ್ತು. ಭಂಡಾರ ಮುಟ್ಟಿ ಆಡಿದ ಮಾತು, ತಪ್ಪಿದ್ದಕ್ಕೆ ಇಬ್ಬರೂ ಮಲ್ಲಯ್ಯನಿಗೆ ಮುಡಿ ಕೊಡಲೇಬೇಕು ಅಂತ ಅಕ್ಕ ತೀರ್ಪು ಕೊಟ್ಟಳು. ಮುಂದಿನ ಭಾನುವಾರದವರೆಗೆ ಅಕ್ಕ, ಮಾಂವ ಅಕ್ಕೋಳದಲ್ಲೇ ಉಳಿದರು, ಆ ದಿನ ಹೊಸ ಮದುಮಕ್ಕಳ ಜೊತೆ ನಾವೆಲ್ಲ ಮಂಗಸೂಳಿಗೆ ಹೋದೆವು. ಈ ಸಲ ಒಂದೇ ಗಾಡಿ. ಹತ್ತುವಾಗ ಅಕ್ಕ ಪ್ರತಿಯೊಬ್ಬರ ತಲೆ ಮುಟ್ಟಿ ಹತ್ತಿಸಿದಳು. ಕೌದಿಯ ಗಂಟು ಕಂಡರೆ ಬಿಚ್ಚಿ ನೋಡಿದಳು.

ಗುಡಿಯಂಗಳದಲ್ಲಿ ಅದೇ ಕ್ಷೌರದವನು, ಈಗ ಅವನ ತಲೆಯೂ ಬೆಳ್ಳಗಾಗಿತ್ತು. ಅಣ್ಣ, ಮಾಂವ ಅವನ ಮುಂದೆ ಹೆಗಲಿಗೆ ಹೆಗಲು ತಾಗಿಸಿ ಕುಂತರು. ಮೀಸೆ ಉಳಿಸಿದರೆ ನಡೆದೀತೇನೋ ಅಂತ ಪಿಸುಮಾತಿನಲ್ಲಿ, ನೇರವಾಗಿ, ಒಬ್ಬರಿಗೊಬ್ಬರು ಕೇಳಿಕೊಳ್ಳುತ್ತಿದ್ದರು. ಕ್ಷೌರದವನು ಕತ್ತಿ ತೆಗೆದ. ಮಸೆಯುವ ಕಲ್ಲು ತೆಗೆದ. ಇಬ್ಬರ ಮುಖ ನೋಡಿದ, ಗುರುತು ಹಿಡಿದ. ಕತ್ತಿ ಕೆಳಗಿಟ್ಟು, ಎರಡೂ ಕೈ ಮೊಳಕಾಲ ಮೇಲೆ ಇಟ್ಟುಕೊಂಡು ಕೇಳಿದ:

"ಯಜಮಾನ್ರ, ಮಸಿಯೂಕಿಂತ ಮೊದಲ ಒಂದು ಮಾತು ಹೇಳಿಬಿಡ್ರಿ. ಈ ಸಲ ಖರೇ ತಲಿ ತಂದೀರೋ, ಇಲ್ಲಾ ಸಪೋಜ್ ತಲಿ ತಂದೀರೋ?"